ಅಡ್ಡ ಮಲಗಿಸಿದ ಕ್ಯಾನು

ತೆಗೆದದ್ದು ನಾಲ್ಕು ಸ್ಕ್ರೂ, ತಟ್ಟೆಯಲ್ಲಿರುವುದು ಮೂರು, ನಾಲ್ಕನೆಯದು ಎಲ್ಲಿ ಹೋಯಿತು — ಶಿವರಾಜು ರಿಪೇರಿ ಅಂಗಡಿಯ ಬೆಂಚಿನ ತುದಿಗೆ ಸರಿದು ಕತ್ತು ಉದ್ದ ಮಾಡಿದ, ಇತ್ತು, ಎಣ್ಣೆ ಬಟ್ಟೆಯ ಮಡಿಕೆಯಲ್ಲಿ ಇತ್ತು, ಆದರೆ ಇದು ತನ್ನ ಮಿಷನ್ನಿನದೇ ಸ್ಕ್ರೂ ಎಂದು ಯಾವ ದೇವರು ಬಂದು ಸಾಕ್ಷಿ ಹೇಳುತ್ತಾನೆ, ನರಸೀಪುರದಲ್ಲಿ ಕಳೆ ಕೊಚ್ಚುವ ಮಿಷನ್ ರಿಪೇರಿಗೆ ಅಮೃತೇಶನದೇ ಪಳಗಿದ ಕೈ ಎಂದು ಸುತ್ತೂರು ಕಡೆಯವರೆಲ್ಲ ಹೊಗಳುತ್ತಾರೆ, ಯಾವುದರಲ್ಲಿ ಪಳಗಿದ್ದು ಎಂದು ಮಾತ್ರ ಒಬ್ಬರೂ ಬಿಡಿಸಿ ಹೇಳುವುದಿಲ್ಲ. ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದಿದ್ದಾನೆ, ಏಕೆ ಅಷ್ಟು ಹೊತ್ತು ನೋಡಬೇಕು, ಚೆನ್ನಾಗಿದ್ದರೆ ತಾನೇ ಇಟ್ಟುಕೊಳ್ಳೋಣ ಎಂದೇ, ಕಣ್ಣು ಮಿಟುಕಿಸಿದರೆ ಡಬ್ಬಿಯೊಳಗಿನ ಹಳೆಯದೊಂದು ಇದರ ಜಾಗಕ್ಕೆ ಬಂದು ಕೂತಿರುತ್ತದೆ, ಮಿಟುಕಿಸಬಾರದು, ಮಿಟುಕಿಸದೆ ಎಷ್ಟು ಹೊತ್ತು ಇರುವುದು, ಮೈಯೆಲ್ಲ ನವೆ, ಬೆಳಿಗ್ಗೆಯಿಂದ ಯಾರದೋ ತೆಂಗಿನ ತೋಟದಲ್ಲಿ ಕೊಚ್ಚಿದ ಕಾಂಗ್ರೆಸ್ ಗಿಡದ ರಸ ಕತ್ತಿನ ಸುತ್ತ, ಮೊಣಕೈಯಲ್ಲಿ, ಅಂಗಿಯೊಳಗೆ ಅಂಟಿಕೊಂಡು ಕಡಿಯುತ್ತಿದೆ. ಅರ್ಧ ತೋಟ ಮುಗಿದಿತ್ತು, ಮಿಷನ್ನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು, ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತು, ತೋಟದ ಯಜಮಾನ ನೆರಳಲ್ಲಿ ನಿಂತು ಎಳನೀರು ಕುಡಿಯುತ್ತಾ, ಏನ್ ಶಿವರಾಜು, ನಿನ್ ಮಿಷನ್‌ಗೂ ಊಟದ್ ಟೈಮಾ ಅಂದ. ನಗಲಿ. ಎರಡು ವರ್ಷದಿಂದ ಮನೆಗೆ ಅನ್ನ ಹಾಕುತ್ತಿರುವ ಮಿಷನ್ನು, ತಾನಾಗಿ ಕೆಡುವ ಜಾತಿಯದಲ್ಲ, ಯಾರೋ ಕೈ ಹಾಕಿದ್ದಾರೆ.

ಯಾರೋ ಏನು, ಯಾರೆಂದು ಗೊತ್ತೇ ಇದೆ. ಸಂಜೆ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿಟ್ಟರೆ ಬೆಳಿಗ್ಗೆ ಅರ್ಧ, ಇಂಜಿನ್ನಿಗೆಂದು ಟೂಟಿ ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಕ್ಯಾನಿಗೆ ಇದ್ದಿಲಿನಲ್ಲಿ ಗೆರೆ ಎಳೆದಿಟ್ಟರೆ ವಾರದೊಳಗೆ ಪೆಟ್ರೋಲು ಗೆರೆಯಿಂದ ಎರಡು ಬೆರಳು ಕೆಳಗೆ, ಪೆಟ್ರೋಲಿಗೆ ಕಾಲು ಬರುತ್ತದೆಯೇ, ಕಾಲಿರುವುದು ಪಕ್ಕದ ಮನೆಯ ನಂಜೇಶನಿಗೆ, ಬೈಕಿರುವುದೂ ಅವನಿಗೇ, ಆ ಬೈಕು ಬಂಕಿನ ಕಡೆ ತಿರುಗಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಅಣ್ಣ, ಒಸಿ ಕುಡ್ಲು ಕೊಡಣ್ಣ ಎಂದು ಹಿತ್ತಲಿಗೆ ಬರುತ್ತಾನೆ, ಕುಡುಗೋಲು ಕೇಳುವವನ ಕಣ್ಣು ಕುಡುಗೋಲಿನ ಮೇಲೆ ಇರಬೇಕು, ಮಿಷನ್ ಇಟ್ಟ ಶೀಟಿನ ಕೋಣೆಯ ಕಡೆ ಏಕೆ ಹೋಗಬೇಕು, ಒಂದು ದಿನ ಬಾಯಿಬಿಟ್ಟು, ನಿಮ್ ಇತ್ಲಲ್ಲಿ ಪೆಟ್ರೋಲ್ ವಾಸ್ನೆ ಬತ್ತದೆ ಕಣಣ್ಣ ಎಂದೂ ಅಂದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೆಂಡತಿ ರೋಜಾಗೆ ಹೇಳಿದರೆ, ನಿನ್ ಕಣ್ಗೆ ಊರೋರೆಲ್ಲ ಕಳ್ರೇ, ನಾಳೀಕೆ ನನ್ನೂ ಸೇರುಸ್ತೀಯ ಅಂದಳು, ಸೇರಿಸಿ ಆಗಿತ್ತು, ಅವಳ ತಮ್ಮ ದೀಪಕ್ ಬನ್ನೂರಿನಿಂದ ಬಂದು ಹೋದ ಮರುದಿನವೂ ಪೆಟ್ರೋಲು ಇಳಿದಿತ್ತು, ಆದರೆ ಅದನ್ನು ಆಡಿ ಎರಡು ದಿನ ಉಪವಾಸ ಬೀಳುವಷ್ಟು ದಡ್ಡನಲ್ಲ ಶಿವರಾಜು. ಬಾಯಿ ಮುಚ್ಚಿಕೊಂಡು ಕೋಣೆಗೆ ಬೀಗ ಹಾಕಿದ, ವಾಸನೆ ಹೊರಗೆ ಹೋದರೆ ತಾನೇ ಕಳ್ಳನಿಗೆ ಆಸೆ ಹುಟ್ಟುವುದು ಎಂದು ಕಿಟಕಿಗೆ ಗೋಣಿಚೀಲ ತುರುಕಿದ, ಬಾಗಿಲ ಸಂದಿಗೆ ಹಳೇ ಸೀರೆ ಒತ್ತಿದ, ಇವತ್ತು ಬೆಳಿಗ್ಗೆಯಂತೂ ಕ್ಯಾನನ್ನೇ ಅಡ್ಡ ಮಲಗಿಸಿ ಗೋಡೆ ಬುಡಕ್ಕೆ ಸೇರಿಸಿ ಮೇಲೆ ಖಾಲಿ ಚೀಲ ಹೊದಿಸಿ ಬಂದಿದ್ದಾನೆ, ನಿಂತ ಕ್ಯಾನಾದರೆ ಕಣ್ಣಿಗೆ ಬೀಳುತ್ತದೆ, ಮಲಗಿದ್ದು ಯಾರಿಗೆ ಕಾಣಬೇಕು, ಮುಚ್ಚಳ ಎಂದೋ ಕಳೆದುಹೋಗಿ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಸುತ್ತಿತ್ತು, ಒಂದು ಹನಿಯೂ ಸೋರಲಿಲ್ಲ, ನೋಡಿಕೊಂಡೇ ಬೀಗ ತಿರುಗಿಸಿದ. ಬಾ ಮಗನೇ ನಂಜೇಶ, ಇವತ್ತು ಹುಡುಕು. ಜೇಬಿನಲ್ಲಿ ಫೋನು ಕೂಗಿತು, ರೋಜಾ, ಇನ್ನೂ ಎಷ್ಟೊತ್ತಾಯ್ತದೆ ಅಂದಳು, ಹೊರಟೆ ಕಣೇ, ಬಂದೆ ಎಂದ ಬೆಂಚಿನಿಂದ ಅಲ್ಲಾಡದೆ, ಈ ಸೀಮೆಯಲ್ಲಿ ಹೊರಟೆ ಎನ್ನುವುದಕ್ಕೂ ಹೊರಡುವುದಕ್ಕೂ ಸಂಬಂಧವೇ ಇಲ್ಲ, ಬಂದೆ ಎಂದವನು ಇನ್ನೂ ಚಪ್ಪಲಿ ಹುಡುಕುತ್ತಿರುತ್ತಾನೆ. ಸರಿ, ನೀರ್ ಕಾಯ್ಸ್ತೀನಿ, ಮೈ ನವೆ ಆಡ್ತಿರ್ತದೆ ಎಂದು ಅವಳೇ ಫೋನಿಟ್ಟಳು.

ಅಣ್ಣ, ಇಲ್ನೋಡಿ ಎಂದ ಅಮೃತೇಶ, ಇಲ್ಲಿ ನೋಡು ಎಂದವನ ಇನ್ನೊಂದು ಕೈಯನ್ನು ನೋಡಬೇಕು, ನೋಡಿದ, ಇನ್ನೊಂದು ಕೈ ಖಾಲಿ, ಈ ಕೈಯಲ್ಲಿ ಟ್ಯಾಂಕಿನಿಂದ ಕಾರ್ಬೊರೇಟರಿಗೆ ಹೋಗುವ ಬೆರಳುದ್ದದ ಪೈಪು, ಬಗ್ಗಿಸಿದಲ್ಲಿ ಸೀಳು ಬಾಯಿಬಿಟ್ಟು ಒಂದು ಹನಿ ಊರಿ ನಿಂತಿತು. ನಿಮ್ ಪೆಟ್ರೋಲ್ ಕಳ್ಳ ಇವ್ನೇ ಕಣಣ್ಣ, ತುಂಬಿದ್ ಟ್ಯಾಂಕ್‌ನ ಕಾದ ಶೀಟಿನ್ ಕೆಳ್ಗೆ ಮಡುಗ್ತೀರ, ಪೈಪ್ ಗಟ್ಟಿಯಾಗಿ ಸೀಳ್ಬುಟ್ಟದೆ, ಕೆಲ್ಸ ಆದ್ಮೇಲೆ ಟ್ಯಾಂಕ್ ಖಾಲಿ ಮಾಡಿ, ಅದೇ ಆಫ್ ಆಗೋಗಂಟ ಓಡ್ಸಿ, ತಣ್ಣಗಾದ್ಮೇಲೆ ಬ್ಲೇಡಿಗೆ ಕವರ್ ಹಾಕಿ ಗಾಳಿ ಆಡೋ ಕಡೆ ನೇತಾಕ್ಬೇಕು — ಬೆರಳುದ್ದದ ಪೈಪು ಮಾರಲು ಎಷ್ಟುದ್ದ ಪುರಾಣ, ಇರಲಿ, ಟ್ಯಾಂಕಿಗೆ ಪೈಪಿದೆ, ಕ್ಯಾನಿಗೇನಿದೆ, ಕ್ಯಾನಲ್ಲೂ ಇಳಿಯುತ್ತಲ್ಲ, ಅದ್ಯಾವ ಪೈಪು ಎಂದು ಕೇಳಿಯೇಬಿಟ್ಟ, ಸಿಕ್ಕಿಬಿದ್ದ ಎಂದುಕೊಂಡ. ಮುಚ್ಚಳ ಬಿಗಿ ಅದಾ ಎಂದು ಅಮೃತೇಶ ತಲೆ ಎತ್ತದೆ ಕೇಳಿದ, ಪ್ಲಾಸ್ಟಿಕ್ ಕವರ್ ಕಟ್ಟಿ ಮಲಗಿಸಿದ್ದೀನಿ ಎಂದ ಶಿವರಾಜು, ಅಮೃತೇಶ ತಲೆ ಎತ್ತಿದ. ಮಲಗ್ಸಿದ್ದೀರಾ, ಕಟ್ಟಿರೋದು ಏನ್ರಲ್ಲಿ, ರಬ್ಬರ್ ಬ್ಯಾಂಡಾ, ಪೆಟ್ರೋಲ್ ರಬ್ಬರ್‌ನ ತಿಂದಾಕ್ತದೆ ಕಣಣ್ಣ, ಉಬ್ಬಿ ಸಡ್ಲ ಆಯ್ತದೆ, ನಿಂತಿದ್ರೆ ಆವಿಯಾಗಿ ಓಯ್ತದೆ, ಮಲಗ್ಸುದ್ರೆ ಸೋರೇ ಸೋರ್ತದೆ, ಅತ್ರದಲ್ಲಿ ಒಲೆ ಗಿಲೆ ಇಲ್ವಲ್ಲ. ಇಲ್ಲ, ಬೇರೆ ಕೋಣೆ, ಬಚ್ಚಲುಮನೆ ಒಲೆ ಗೋಡೆಯ ಆ ಕಡೆ. ಗೋಡೇಲಿ ತೂತು ಪಾತು? ಯಾಕೆ ಕೇಳುತ್ತಾನೆ, ತನ್ನ ಮನೆಯ ಗೋಡೆ ಕಟ್ಟಿಕೊಂಡು ಇವನಿಗೇನಾಗಬೇಕು — ಇದೆ, ನೆಲ ತೊಳೆದ ನೀರು ಬಚ್ಚಲಿಗೆ ಹೋಗಲೆಂದು ಗೋಡೆ ಬುಡದಲ್ಲಿ ಅಂಗೈ ಅಗಲದ್ದು ಒಂದು, ಒಲೆಯ ಬಾಯಿಗೆ ಮೂರಡಿ. ಅಮೃತೇಶ ಪೈಪನ್ನು ಕೆಳಗಿಟ್ಟ. ಪೆಟ್ರೋಲ್ ಆವಿ ಒಗೆ ತರ ಮೇಲಕ್ಕೋಗಲ್ಲ ಕಣಣ್ಣ, ನೀರಂಗೆ ನೆಲ ಇಡ್ಕಂಡೇ ಓಯ್ತದೆ, ತಗ್ಗಲ್ಲಿ ನಿಂತ್ಕತದೆ, ಒಂದ್ ಕಡ್ಡಿ ಗೀಚುದ್ರೆ ಸಾಕು, ಮೊದ್ಲು ಮನೆಗೆ ಫೋನ್ ಮಾಡಿ.

ಕಿಟಕಿಗೆ ಗೋಣಿ, ಬಾಗಿಲಿಗೆ ಸೀರೆ, ಮಧ್ಯಾಹ್ನವೆಲ್ಲ ಕಾದ ಶೀಟು, ಆವಿಗೆ ಬಿಟ್ಟಿರುವುದು ಆ ತೂತು ಒಂದೇ ದಾರಿ, ಬಿಟ್ಟವನು ತಾನೇ, ಹೊಸ ಕ್ಯಾನು ಮಾರಲು ಹೆದರಿಸುತ್ತಿದ್ದಾನೋ ಏನೋ ಎಂದು ಮನಸ್ಸು ಅನ್ನುತ್ತಿದ್ದರೂ ಬೆರಳು ಕೇಳಲಿಲ್ಲ, ರೋಜಾ ಎಂಬ ಹೆಸರನ್ನು ಒತ್ತಿತು, ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಒಳಮನೆಯಲ್ಲಿ ಚಾರ್ಜಿಗೆ ಹಾಕಿ ಹಿತ್ತಲಿಗೆ ಹೋಗಿದ್ದಾಳೆ, ಹೊರಟೆ ಎಂದು ಎಷ್ಟು ಹೊತ್ತಾಯಿತು, ಬಂದೆ ಎಂದು ಏಕೆ ಅಂದೆ, ಇನ್ನೂ ಇಲ್ಲೇ ಕೂತಿದ್ದೇನೆ ಎಂದಿದ್ದರೆ ನಾಲಿಗೆ ಸವೆಯುತ್ತಿತ್ತೇ, ಮೊದಲು ಹಂಡೆ ತುಂಬುತ್ತಾಳೆ, ಐದು ಕೊಡ, ಆಮೇಲೆ ಸೋಗೆ ಮುರಿದು ಒಲೆಗೆ ತುರುಕುತ್ತಾಳೆ, ಆಮೇಲೆ ಕುಕ್ಕರುಗಾಲಲ್ಲಿ ಕೂತು ಕಡ್ಡಿ — ಮತ್ತೆ ಒತ್ತಿದ, ಮತ್ತೆ ರಿಂಗು, ಕುಕ್ಕರುಗಾಲಲ್ಲಿ ಕೂತು ಕಡ್ಡಿ, ಅವಳಿಲ್ಲದ ಮನೆ ಕಣ್ಣ ಮುಂದೆ ಬಂದು ಹೋಯಿತು, ಯಾರನ್ನು ಕರೆಯುವುದು, ಆ ಕಡೆ ಹೊಲ, ಈ ಕಡೆ ಒಂದೇ ಮನೆ, ಆ ಒಂದೇ ಮನೆ. ಒತ್ತಿದ. ಏನಣ್ಣ, ನೀನೇ ಫೋನ್ ಮಾಡ್ಬುಟ್ಟಿದ್ದೀಯ, ಸೂರ್ಯ ಯಾವ್ ಕಡೆ ಉಟ್ಟದ್ನೋ ಎಂದು ನಂಜೇಶ ನಗುತ್ತಿದ್ದಾನೆ. ನಂಜೇಶ, ಓಡು ಕಣೋ, ನಮ್ ಬಚ್ಚಲ್ಮನೆಗೆ, ರೋಜಾಗೆ ಒಲೆ ಅಚ್ಬೇಡ ಅನ್ನು, ಪೆಟ್ರೋಲ್ ಸೋರ್ತಾ ಅದೆ, ಓಡು. ಯಾಕೆ ಎಂದು ಅವನು ಕೇಳಲಿಲ್ಲ, ಚಪ್ಪಲಿಯ ಪಟಪಟ, ಕೋಳಿ ಚದುರಿದ ಸದ್ದು, ಆಮೇಲೆ ಏದುಸಿರಿನ ದನಿ, ಕಂಡೀಗೆ ತಂತಿ ಬಿಗ್ದಿದ್ದೀಯಲ್ಲಣ್ಣ — ಬಿಗಿದದ್ದು ಹೌದು, ಹೋದ ಭಾನುವಾರ, ಎರಡು ಹಿತ್ತಲಿನ ನಡುವೆ ಬೇಲಿಯಲ್ಲಿದ್ದ ಕಂಡಿಗೆ, ಇವನೊಬ್ಬನಿಗಾಗಿಯೇ ನಾಲ್ಕು ಸುತ್ತು ಮುಳ್ಳುತಂತಿ, ಬೀದಿ ಸುತ್ತಿ ಬರುವಷ್ಟರಲ್ಲಿ — ಸುತ್ಬೇಡ, ನೆಗಿ, ನೆಗಿಯೋ ನಂಜೇಶ. ಬಟ್ಟೆ ಹರಿದ ಸದ್ದು, ಅವ್ವಾ ಎಂಬ ಕೂಗು, ಅಕ್ಕೋ, ರೋಜಕ್ಕೋ, ಬುಡು, ಕಡ್ಡಿ ಬುಡು, ಆಮೇಲೆ ಏನೂ ಇಲ್ಲ, ಅಂಗಡಿಯ ಮುಂದೆ ಮೈಸೂರು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು, ಶಿವರಾಜು ಇನ್ನೊಂದು ಕಿವಿಗೆ ಬೆರಳು ತುರುಕಿಕೊಂಡ, ಏನೂ ಇಲ್ಲ, ಏನೂ ಇಲ್ಲ, ಆಮೇಲೆ ದೂರದಲ್ಲಿ ರೋಜಾ, ಏನ್ಲಾ ಇದು, ಕೈಯೆಲ್ಲ ರಕ್ತ.

ಬದುಕಿದ್ದಾಳೆ. ಬೈಯುತ್ತಿದ್ದಾಳೆ, ಬದುಕಿದ್ದಾಳೆ. ಒಂದ್ ಕಡ್ಡಿ ಗೀಚಿದ್ಲಂತೆ ಕಣಣ್ಣ, ನೀರ್ ಕೈ, ಮದ್ದು ಉದ್ರೋಯ್ತಂತೆ, ಎರಡ್ನೇದ್ನ ನಾನ್ ಕಿತ್ಕಂಡೆ, ಇಲ್ಲೇ ನನ್ ಕೈಲದೆ ಎನ್ನುತ್ತಿದ್ದಾನೆ ನಂಜೇಶ, ಉಸಿರು ಇನ್ನೂ ಹತೋಟಿಗೆ ಬಂದಿಲ್ಲ, ಅಮೃತೇಶ ನೀರಿನ ಚೆಂಬು ಹಿಡಿದು ನಿಂತಿದ್ದಾನೆ, ಕುಡಿಯಬೇಕು, ಏನಾದರೂ ಹೇಳಬೇಕು, ಮನಸ್ಸೋ ತನ್ನ ಹಳೇ ಹಾದಿಗೇ ಕಾಲು ಹಾಕಿತು, ಇಷ್ಟು ಬೇಗ ಹೇಗೆ ತಲುಪಿದ, ಫೋನು ಮಾಡಿದಾಗ ಬೇಲಿಯ ಹತ್ತಿರವೇ ಏನು ಮಾಡುತ್ತಿದ್ದ, ಏನು ಮಾಡುತ್ತಿದ್ದ ಎಂದರೆ — ಕಡ್ಡಿ, ತಂತಿ ಸೀಳಿದ ಅಂಗೈಯಲ್ಲಿ ಕಡ್ಡಿ, ಅಲ್ಲಿಂದ ಮುಂದಕ್ಕೆ ಹೋಗುತ್ತಿಲ್ಲ, ಅಣ್ಣ, ಕಿಟ್ಕಿ ಚೀಲ ಕಿತ್ತಾಕ್ಲಾ, ಗಾಳಿ ಆಡ್ಲಿ, ನೀನೇನೂ ಅನ್ಕಳಲ್ಲ ತಾನೇ ಎಂದು ಕೇಳುತ್ತಿದ್ದಾನೆ, ಗೊತ್ತಿದೆ ಅವನಿಗೆ, ಈ ಅಣ್ಣನ ಅನುಮಾನ ಎಲ್ಲ ಗೊತ್ತಿದೆ, ತಂತಿ ಬಿಗಿದ ದಿನದಿಂದಲೂ ಗೊತ್ತಿದೆ, ಗೊತ್ತಿದ್ದೂ ನೆಗೆದ, ಕೀಳು ಅನ್ನಬೇಕು, ಕೀಳಪ್ಪ ಅನ್ನಬೇಕು, ಅಣ್ಣ, ಇದ್ದೀಯಾ ಎನ್ನುತ್ತಿದೆ ಫೋನು, ರಕ್ತ ಮೆತ್ತಿದ ಅಂಗೈ, ಅದರ ನಡುವೆ ಗೀಚದ ಕಡ್ಡಿ, ಗೀಚದ ಕಡ್ಡಿ.