ಕಮಲಾಕ್ಷಿಯವರ ಕಿಟಕಿ ಮತ್ತು ನಾನು

ನಾನೊಂದು ಲೆನ್ಸ್. ಕ್ಯಾಮೆರಾದ ಮುಂದೆ ಕೂರುವ ಗಾಜಿನ ಕಣ್ಣು. ಇರುವೆಯ ಮೀಸೆ, ಹೂವಿನ ಕೇಸರ, ಚಿಟ್ಟೆಯ ರೆಕ್ಕೆಯ ಮೇಲಿನ ಹುಡಿ, ಇಂಥ ಸಣ್ಣ ಸಂಗತಿಗಳನ್ನು ದೊಡ್ಡದಾಗಿ ತೋರಿಸುವುದು ನನ್ನ ಕಸುಬು. ಮ್ಯಾಕ್ರೋ ಲೆನ್ಸ್ ಎಂಬುದು ನಮ್ಮ ಮನೆತನದ ಹೆಸರು. ಆ ಮನೆತನದಲ್ಲಿ ಗಿಡ್ಡರೂ ಇದ್ದಾರೆ, ಉದ್ದನೆಯವರೂ ಇದ್ದಾರೆ. ನಾನು ಉದ್ದನೆಯವನು. ಗಿಡ್ಡ ಲೆನ್ಸು ಹುಳದ ಮೂಗಿಗೆ ಮೂಗು ತಾಗಿಸಿ ನೋಡಬೇಕು. ನಾನು ದೂರ ನಿಂತೇ ಅಷ್ಟನ್ನೂ ನೋಡಬಲ್ಲೆ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಗಾಜಿನ ಬಿಲ್ಲೆಗಳಾಗಿ ಉಜ್ಜಿಸಿಕೊಂಡೆ, ತೊಳೆಸಿಕೊಂಡೆ, ಒಂದರ ಹಿಂದೊಂದು ಕಪ್ಪು ಕೊಳವೆಯೊಳಗೆ ಕೂತೆ. ಕೊನೆಗೆ ಹಡಗು ಹತ್ತಿ, ಲಾರಿ ಹತ್ತಿ, ಹುಬ್ಬಳ್ಳಿಯ ಒಂದು ಕ್ಯಾಮೆರಾ ಅಂಗಡಿಯ ಕಪಾಟು ಸೇರಿದೆ.

ಅಲ್ಲಿ ಬಹಳ ದಿನ ನನ್ನನ್ನು ಯಾರೂ ಕೊಳ್ಳಲಿಲ್ಲ. "ಇದರಾಗ ಹುಲಿ ಫೋಟೋ ಬರತದೇನ್ರೀ?" ಎಂದು ಎತ್ತಿಕೊಳ್ಳುವರು. "ಏ, ಭಾಳ ವಜ್ಜ ಐತಿ ಬಿಡ್ರಿ" ಎಂದು ಇಟ್ಟುಬಿಡುವರು.

ಒಂದು ದಿನ ಗದಗಿನಿಂದ ಚನ್ನವೀರಪ್ಪ ಬಳಗಾನೂರ ಎಂಬವರು ಹೆಂಡತಿ ಕಮಲಾಕ್ಷಿಯವರೊಡನೆ ಬಂದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ಎಲ್ಲರ ಬಾಯಲ್ಲೂ ಸರ್. ಹುಳಹುಪ್ಪಟೆಯ ಹುಚ್ಚು. ಅಂಗಡಿಯವನು ಮೊದಲು ಗಿಡ್ಡ ಲೆನ್ಸು ಹಾಕಿಕೊಟ್ಟ. ಅವನ ಚಹಾದ ಗ್ಲಾಸಿನ ಅಂಚಿನಲ್ಲಿ ಒಂದು ನೊಣ ಕೂತಿತ್ತು. ಸರ್ ಬಗ್ಗಿದರು. ನೊಣ ಹಾರಿತು. ಅದು ಮತ್ತೆ ಕೂತಾಗ ಮತ್ತೆ ಬಗ್ಗಿದರು. ಮತ್ತೆ ಹಾರಿತು.

ಆಮೇಲೆ ಅಂಗಡಿಯವನು ನನ್ನನ್ನು ಕೂರಿಸಿದ. ಸರ್ ಹಿಂದೆ ಸರಿದು ನೋಡಿದರು. ನೊಣ ನಮ್ಮ ಗೊಡವೆಯೇ ಇಲ್ಲದಂತೆ ಮುಂಗಾಲು ಉಜ್ಜಿಕೊಳ್ಳುತ್ತಿತ್ತು. ಕಾಲಿನ ಒಂದೊಂದು ರೋಮವೂ ಕಾಣುತ್ತಿತ್ತು.

"ಇದನ್ನ ತಗೊಳ್ರಿ," ಎಂದರು ಕಮಲಾಕ್ಷಿಯವರು. "ನೀವು ಪಾಠ ಶುರು ಮಾಡಿದ್ರ ಮಂದೀನ ಎದ್ದು ಹೋಗ್ತಾರ. ನೊಣ ನಿಂತೀತೇನು?"

ಹೀಗೆ ನಾನು ಗದಗಿಗೆ ಬಂದೆ.

ಮೊದಮೊದಲು ಸರ್‌ಗೆ ನನ್ನಿಂದ ಸುಖವಿರಲಿಲ್ಲ. ಉದ್ದನೆಯ ನನ್ನನ್ನು ಕೈಯಲ್ಲಿ ಹಿಡಿದು ತೆಗೆದರೆ ಕೈಯ ಸಣ್ಣ ನಡುಕವೂ ಚಿತ್ರದಲ್ಲಿ ಭೂಕಂಪವಾಗುತ್ತಿತ್ತು. ಹುಳದ ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು, ಮೀಸೆ ಹಿಡಿದರೆ ಕಣ್ಣು ಮಸುಕು. ಕಡೆಗೆ ಗಟ್ಟಿಯಾದ ಟ್ರೈಪಾಡ್ ಬಂತು. ಕಪ್ಪತಗುಡ್ಡದ ಇಳಿಜಾರಿನಲ್ಲಿ ನನ್ನನ್ನು ಅದರ ಮೇಲೆ ನಿಲ್ಲಿಸಿ, ಗಾಳಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುವುದನ್ನು ಸರ್ ಕಲಿತರು. ಕಮಲಾಕ್ಷಿಯವರು ಛತ್ರಿ ಹಿಡಿದು ಹೂವಿಗೆ ನೆರಳು ಮಾಡುತ್ತಿದ್ದರು.

"ಒಮ್ಮೆ ನೋಡ ಬಾ ಇಲ್ಲೆ, ಎಷ್ಟು ಚಂದ ಐತಿ!" ಎಂದು ಸರ್ ಕರೆಯುತ್ತಿದ್ದರು.

"ನಿಮ್ಮ ಹುಳ ನೀವ ನೋಡ್ರಿ. ರೊಟ್ಟಿ ಆರಿ ಹೊಂಟಾವ," ಎನ್ನುತ್ತಿದ್ದರು ಆಕೆ.

ವರ್ಷಗಳು ಹೀಗೆ ಕಳೆದವು. ಸರ್ ನಿವೃತ್ತರಾದರು. ಒಂದು ಬೇಸಿಗೆಯಲ್ಲಿ ಕಮಲಾಕ್ಷಿಯವರು ಬಚ್ಚಲಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಮೂಳೆ ಕೂಡಿತು. ಇನ್ನು ಎದ್ದು ನಡೆಯಬೇಕೆಂದರು ಡಾಕ್ಟರು. ಆಕೆ ಏಳಲಿಲ್ಲ.

"ಮತ್ತ ಬಿದ್ರ?" ಎನ್ನುತ್ತಿದ್ದರು. ಅಷ್ಟೇ. ಆಮೇಲೆ ಅದನ್ನೂ ಅನ್ನುವುದು ಬಿಟ್ಟು ಗೋಡೆಯ ಕಡೆ ಮುಖಮಾಡಿ ಮಲಗಿದರು. ಸರ್ ಗುಡ್ಡಕ್ಕೆ ಹೋಗುವುದನ್ನು ಬಿಟ್ಟರು. ನಾನು ಅದೇ ಕೋಣೆಯ ಬೀರು ಸೇರಿದೆ. ಹೊರಗೆ ಗಂಜಿಯ ಬಟ್ಟಲಿನ ಸದ್ದು, ಸರ್ ಬೇಡಿಕೊಳ್ಳುವ ದನಿ, ಆಮೇಲೆ ಮೌನ. ಮಾತಿನ ಮಲ್ಲಿಯಂತಿದ್ದ ಆಕೆಯ ಮೌನ ನನಗೂ ಭಾರವೆನಿಸುತ್ತಿತ್ತು.

ಒಂದು ಬೆಳಿಗ್ಗೆ, ಬೀರುವಿನ ಬಾಗಿಲ ಸಂದಿಯಲ್ಲಿ ನಾನು ನೋಡುತ್ತಿದ್ದಂತೆ, ಮನೆಗೆಲಸದ ಫಕೀರವ್ವ ಕಸಬರಿಗೆ ತಂದು ಕಿಟಕಿಯ ಕಡೆ ಎತ್ತಿದಳು.

"ಏ, ಮುಟ್ಟಬ್ಯಾಡ!"

ಕಮಲಾಕ್ಷಿಯವರ ದನಿ! ಗೋಡೆ ಬಿಟ್ಟು ಯಾವಾಗ ಕಿಟಕಿಯ ಕಡೆ ಹೊರಳಿದ್ದರೋ. ಬೀರುವಿನೊಳಗಿದ್ದ ನಾನೇ ಬೆಚ್ಚಿಬಿದ್ದೆ.

"ಕುಂಬಾರ ಹುಳಾ ರೀ ಅಕ್ಕಾರ. ಮಣ್ಣು ತಂದು ಗೂಡು ಕಟ್ಟಾಕ ಹತ್ತೈತಿ," ಎಂದಳು ಫಕೀರವ್ವ. ಆಮೇಲೆ ನಗುತ್ತಾ, "ಇದು ಗೂಡು ಕಟ್ಟಿದ್ರ ಮನ್ಯಾಗ ತೊಟ್ಟಿಲ ತೂಗತೈತಂತ," ಎಂದಳು.

"ಅರವತ್ತು ದಾಟೇತಿ ನನಗ. ಹೋಗ, ನಿಮ್ಮ ಸಾಹೇಬ್ರಿಗೆ ಹೇಳು," ಎಂದು ಕಮಲಾಕ್ಷಿಯವರು ನಕ್ಕುಬಿಟ್ಟರು. ಅಡುಗೆಮನೆಯಿಂದ ಸರ್ ಓಡಿಬಂದರು. ನಗುತ್ತಿರುವ ಹೆಂಡತಿಯನ್ನು ನೋಡಿದರು, ಹುಳವನ್ನು ನೋಡಿದರು. ಬೀರು ತೆರೆದರು.

ಹಾಸಿಗೆಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಫೋಕಸ್ ಬಳೆಯನ್ನು ಆಕೆಯ ಕೈಗೆ ಕೊಟ್ಟರು. ಕಿಟಕಿ ಕೈಚಾಚುವಷ್ಟು ದೂರವಿತ್ತು, ಹತ್ತಿರ ಹೋಗದೆಯೇ ನೋಡುವುದು ತಾನೇ ನನ್ನ ಗುಣ. ಆಕೆ ಬಳೆಯನ್ನು ಮೆಲ್ಲಗೆ ತಿರುಗಿಸಿದರು. ಮಸುಕಿನಿಂದ ಒಂದು ಪುಟ್ಟ ಗಡಿಗೆ ಎದ್ದು ಬಂತು. ಹುಳ ಹಸಿ ಮಣ್ಣಿನ ಉಂಡೆಯನ್ನು ಬಾಯಲ್ಲಿ ಹಿಡಿದು ಗಡಿಗೆಯ ಕಂಠ ತಿದ್ದುತ್ತಿತ್ತು.

"ಅಯ್ಯ ಶಿವನ," ಎಂದರು ಕಮಲಾಕ್ಷಿಯವರು. "ಇಷ್ಟು ವರ್ಷ ಇದನ್ನ ನೋಡ್ತಿದ್ರೇನ್ರಿ ನೀವು?"

ಅಂದಿನಿಂದ ನಾನು ಆಕೆಯವನಾದೆ. ಹುಳ ಕಂಬಳಿಹುಳುಗಳನ್ನು ತಂದು ಗಡಿಗೆಗೆ ತುಂಬಿ ಬಾಯಿ ಮುಚ್ಚಿದ್ದನ್ನು ನಾವಿಬ್ಬರೂ ಸೇರಿ ನೋಡಿದೆವು. ಮೊದಲು ಮಲಗಿಯೇ ತೆಗೆಯುತ್ತಿದ್ದ ಆಕೆ, ಕೋನ ಸರಿಹೋಗಲಿಲ್ಲವೆಂದು ದಿಂಬಿಗೆ ಒರಗಿದರು. ಆಮೇಲೆ ಕಾಲು ಇಳಿಬಿಟ್ಟು ಕೂತರು.

ಹುಳ ಎರಡನೆಯ ಗಡಿಗೆಯನ್ನು ಚೌಕಟ್ಟಿನ ಮೇಲ್ಮೂಲೆಯಲ್ಲಿ ಶುರುಮಾಡಿತು. ಕೂತರೆ ಕಾಣುತ್ತಿರಲಿಲ್ಲ. ಸರ್ ಹಾಲು ತರಲು ಹೋಗಿದ್ದರು. ಆಕೆ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು, ಮೇಲೆ ನೋಡಿದರು. ಕಿಟಕಿಯ ಸರಳು ಹಿಡಿದರು. ಒಂದು ಸಲ ಕುಸಿದು ಹಾಸಿಗೆಯ ಮೇಲೆ ಕೂತರು. ತುಟಿ ಕಚ್ಚಿ ಮತ್ತೆ ಎದ್ದರು. ನಿಂತರು. ಇನ್ನೊಂದು ಕೈಯಿಂದ ಟ್ರೈಪಾಡಿನ ಕತ್ತು ಸಡಿಲಿಸಿ ನನ್ನನ್ನು ಮೇಲೆತ್ತಿದರು.

ಸರ್ ಹಾಲಿನ ಚರಿಗೆ ಹಿಡಿದು ಬಾಗಿಲಲ್ಲಿ ಬಂದು ನಿಂತದ್ದು ಆಗಲೇ. ಅವರು ಕೂಗಲಿಲ್ಲ, ಓಡಿ ಬರಲೂ ಇಲ್ಲ. ಗುಡ್ಡದಲ್ಲಿ ಚಿಟ್ಟೆಯ ಎದುರು ನಿಲ್ಲುತ್ತಿದ್ದಂತೆ ಉಸಿರು ಬಿಗಿಹಿಡಿದು ನಿಂತರು. ಕ್ಲಿಕ್ಕಿಸಿದ ಮೇಲೆ ಆಕೆ ತಿರುಗದೆಯೇ ಹೇಳಿದರು:

"ಅಳಬ್ಯಾಡ್ರಿ. ಹಾಲು ಚೆಲ್ಲೀತು."

ಮಳೆಗಾಲ ಮುಗಿಯುವಷ್ಟರಲ್ಲಿ ಆಕೆ ಕೋಲು ಊರಿ ಅಂಗಳಕ್ಕೆ ಇಳಿದಿದ್ದರು.

ಈಗ ನನಗೆ ವಯಸ್ಸಾಗಿದೆ. ಒಳಗಿನ ಗಾಜಿನ ಅಂಚಿನಲ್ಲಿ ಬೂಷ್ಟಿನ ಎಳೆ ಮೂಡಿದೆ. ತಾನಾಗಿ ಫೋಕಸ್ ಹಿಡಿಯುವ ಯಂತ್ರ ಸತ್ತುಹೋಗಿ, ಬಿಡಿಭಾಗ ಇನ್ನು ಸಿಗುವುದಿಲ್ಲವೆಂದು ರಿಪೇರಿಯವನು ಕೈಚೆಲ್ಲಿದ. ಸರ್ ಮರುಗಿದರು. "ಹೊಸಾದು ತರೋಣೇನು?" ಎಂದು ಕೇಳಿದರು. "ಕೈ ಗಟ್ಟಿ ಅದಾವ ನನ್ನವು," ಎಂದು ಕಮಲಾಕ್ಷಿಯವರು ನನ್ನನ್ನು ಮಡಿಲಿಗೆ ಎಳೆದುಕೊಂಡರು.

ನನ್ನ ವಾರಿಗೆಯವರು ಎಷ್ಟೋ ದೇಶ ಸುತ್ತಿರಬಹುದು. ನಾನು ಕಂಡದ್ದು ಒಂದು ಗುಡ್ಡ, ಒಂದು ಕಿಟಕಿ, ಈಗ ಈ ಹಿತ್ತಿಲು. ನನಗೆ ಕೊರತೆಯೆನಿಸಿಲ್ಲ. ಸಣ್ಣ ಜೀವಕ್ಕೆ ಹೆದರಿಕೆಯಾಗದಷ್ಟು ದೂರದಲ್ಲಿ ನಿಂತು, ಅದನ್ನು ಪೂರ್ತಿ ನೋಡುವವರ ಕೈಯಲ್ಲಿ ಬದುಕಿದೆ.

ಇಂದು ಹಿತ್ತಿಲ ಕರಿಬೇವಿನ ಎಲೆಯ ಅಡಿಯಲ್ಲಿ ಚಿಟ್ಟೆಯ ಕೋಶವೊಂದು ಕಪ್ಪಾಗಿದೆ. ಒಳಗಿನ ರೆಕ್ಕೆಯ ಬಣ್ಣ ಹೊರಗೇ ಕಾಣುತ್ತಿದೆ. ಸರ್ ಚಹಾ ತಂದು ಪಕ್ಕದಲ್ಲಿ ಕೂತಿದ್ದಾರೆ. ಕಮಲಾಕ್ಷಿಯವರ ಬೆರಳು ನನ್ನ ಬಳೆಯ ಮೇಲಿದೆ.

"ಗಾಳಿ ನಿಲ್ಲಲಿ," ಎನ್ನುತ್ತಾರೆ ಆಕೆ.