ಏಳನೇ ಸೀಸೆಯ ಬಿಳಿ ಪುಡಿ

ನಲವತ್ತೇಳನೇ ವಯಸ್ಸಿಗೆ ನಾನು ಎಂ.ಎಸ್ಸಿ.ಗೆ ಸೇರಿದ್ದು, ಓದಿದ್ದು, ಎಲ್ಲ ಸ್ವಂತ ಬಲದಿಂದ. ಇಲ್ಲಿಂದ ಅಲ್ಲಿಗೆ ಒಂದು ಕಡ್ಡಿ ಎತ್ತಿಟ್ಟವರಿಲ್ಲ. ಇದನ್ನು ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ, ತಂಗಿಯ ಫೋನಿನಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ನಮ್ಮ ಯಜಮಾನರು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ದರ್ಜಿ ಕೆಲಸ, ಬಾಯಿ ತುಂಬ ಗುಂಡುಪಿನ್ನು. ಹಾಗಾಗಿ ಎದುರು ಮಾತಿಲ್ಲ.

ಔಷಧ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಬ್ಯೂರೆಟ್ ಹಿಡಿದವಳು ನಾನು. ಹೊಸ ಯಂತ್ರ ಬಂತು. ಎಂ.ಎಸ್ಸಿ. ಇಲ್ಲದವರು ಮುಟ್ಟಬಾರದೆಂದರು. ನನಗೂ ಹಟ. ಎಲ್ಲ ವಿಷಯ ದಾಟಿದೆ, ಸ್ಪೆಕ್ಟ್ರೋಸ್ಕೋಪಿ ಮಾತ್ರ ಎರಡು ಸಲ ಕೈಕೊಟ್ಟಿತು. ಮೂರನೇ ಸಲವೂ ಡುಮ್ಕಿ ಹೊಡೆದರೆ ಹೆಸರನ್ನೇ ತೆಗೆದುಹಾಕುತ್ತಾರೆ.

ವಿಷಯವೇನೋ ಸರಳ. ಕಣ್ಣಿಗೆ ಕಾಣದ ಬೆಳಕನ್ನು ಪುಡಿಯ ಮೇಲೆ ಬಿಟ್ಟರೆ ಅದು ತನಗೆ ಬೇಕಾದ್ದನ್ನು ಕುಡಿದು ಉಳಿದದ್ದನ್ನು ವಾಪಸ್ ಕೊಡುತ್ತದೆ. ಕುಡಿದದ್ದು ಪರದೆಯ ಗೆರೆಯಲ್ಲಿ ಗುಂಡಿಗುಂಡಿಯಾಗಿ ಕಾಣುತ್ತದೆ. ಆ ಗುಂಡಿಗಳನ್ನು ನೋಡಿ ಪುಡಿಯ ಜಾತಕ ಹೇಳಬೇಕು. ಅದಕ್ಕೂ ಮೊದಲು, ಯಂತ್ರದಲ್ಲಿ ಪುಡಿ ಇಡುವ ಹರಳು ಖಾಲಿ ಇರುವಾಗಲೇ ಅದರ ಮೇಲೆ ಒಮ್ಮೆ ಬೆಳಕು ಹಾಯಿಸಿ 'ಹಿನ್ನೆಲೆ' ತೆಗೆಯಬೇಕು. ಆಗ ಮೊದಲಿನಿಂದ ಅಲ್ಲೇ ಇರುವ ಗಾಳಿ, ತೇವ ಎಲ್ಲವನ್ನೂ ಯಂತ್ರ ಕಳೆದುಬಿಟ್ಟು, ಹೊಸದಾಗಿ ಬಂದದ್ದನ್ನು ಮಾತ್ರ ತೋರಿಸುತ್ತದೆ.

ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ ನನ್ನ ಬಿಳಿ ಕೋಟಿಗೆ ಗುಂಡಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟ ಯಜಮಾನರು ಬಾಗಿಲಲ್ಲಿ ಕೇಳಿದರು: "ಖಾಲಿ ಹರಳು ಮೊದಲು ತಾನೆ?"

"ನಿಮ್ಮ ಸೂಜಿ ನೀವು ನೋಡ್ಕೊಳ್ಳಿ," ಅಂದೆ.

ಯಾವ ಪುಡಿ ಎಂದು ಗುರುತಿಸಲು ನನಗೆ ಬಂದದ್ದು ಏಳನೇ ಸೀಸೆ. ಒಬ್ಬೊಬ್ಬರಿಗೆ ಇಪ್ಪತ್ತೇ ನಿಮಿಷ. ಪುಡಿ ಹಾಕಿದೆ, ಒತ್ತಿದೆ, ಹಿನ್ನೆಲೆ ತೆಗೆದೆ, ಮತ್ತೆ ಬೆಳಕು ಹಾಯಿಸಿದೆ. ಪರದೆಯ ಮೇಲೆ ನೆಟ್ಟಗೆ ಒಂದು ಗೆರೆ. ಒಂದೇ ಒಂದು ಗುಂಡಿಯಿಲ್ಲ.

ಪರೀಕ್ಷೆ ನಡೆಸುತ್ತಿದ್ದ ಮೇಷ್ಟ್ರು ನನಗಿಂತ ಹತ್ತು ವರ್ಷ ಚಿಕ್ಕವರು. ಸೀಸೆಯನ್ನು ಅವರ ಮೇಜಿನ ಮೇಲೆ ಕುಕ್ಕಿ, ಇದರಲ್ಲಿ ಏನೂ ಇಲ್ಲ, ನಿಮ್ಮ ಯಂತ್ರ ಕೆಟ್ಟಿದೆ, ನನಗೆ ಇಪ್ಪತ್ತೆರಡು ವರ್ಷದ ಅನುಭವವಿದೆ ಎಂದು ಒಂದೇ ಉಸಿರಿಗೆ ದಬಾಯಿಸಿದೆ. ಅವರು ಎದ್ದು ಬಂದು ಹರಳನ್ನು ನೋಡಿದರು.

"ಹಿನ್ನೆಲೆ ತೆಗೀವಾಗ ಪುಡಿ ಎಲ್ಲಿತ್ತಮ್ಮಾ?"

ಹರಳಿನ ಮೇಲೇ ಇತ್ತು. ಪುಡಿಯನ್ನೂ ಗಾಳಿಯ ಜೊತೆ ಸೇರಿಸಿ ಯಂತ್ರ ಕಳೆದುಬಿಟ್ಟಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯ ಹೆಂಗಸು ನಾನೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಇನ್ನು ಎಂಟು ನಿಮಿಷವಿತ್ತು. ಗೆರೆ ಯಾಕೆ ನೆಟ್ಟಗಾಯಿತು ಎಂದು ಓದು ಬಾರದ ತಮ್ಮ ತಾಯಿಗೂ ಅರ್ಥವಾಗುವ ಹಾಗೆ ಹೇಳಿದರೆ ಮತ್ತೊಮ್ಮೆ ಮಾಡಲು ಬಿಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು ಮೇಷ್ಟ್ರು. ನನಗೆ ಪುಸ್ತಕದ ಒಂದು ಸಾಲೂ ನೆನಪಾಗಲಿಲ್ಲ. ಬೆರಳು ಸುಮ್ಮನೆ ಕೋಟಿನ ಹೊಸ ಗುಂಡಿಯನ್ನು ತಿರುಗಿಸುತ್ತಿತ್ತು. ಬಿಗಿಯಾಗಿ ಹಾಕಿದ್ದರು.

"ನಮ್ಮನೇಲಿ ಒಬ್ಬರಿದ್ದಾರೆ ಸರ್," ಅಂದೆ. "ಎರಡು ವರ್ಷದಿಂದ ಅಡುಗೆ ಅವರದೇ, ಬಟ್ಟೆ ಅವರದೇ, ನನ್ನ ಪಾಠ ಒಪ್ಪಿಸಿಕೊಳ್ಳೋರೂ ಅವರೇ. ಈ ಪುಡಿ ಹಾಗೇ ಅವರನ್ನೂ ಒಳಗಿಟ್ಟುಕೊಂಡೇ ನಾನು ಹಿನ್ನೆಲೆ ತೆಗೆದುಬಿಟ್ಟಿದ್ದೀನಿ. ಅದಕ್ಕೇ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ, ನಂಗೆ ಯಾರೂ ಸಹಾಯ ಮಾಡಿಲ್ಲ ಅಂತ."

ಮೇಷ್ಟ್ರು ಹರಳು ಒರೆಸುವ ಕಾಗದವನ್ನು ನನ್ನ ಕಡೆ ತಳ್ಳಿದರು.

ಈ ಸಲ ಖಾಲಿ ಹರಳು ಮೊದಲು. ಗುಂಡಿಗಳು ಸಾಲಾಗಿ ಬಂದವು. ಆಸ್ಪಿರಿನ್! ಇಪ್ಪತ್ತೆರಡು ವರ್ಷ ದಿನಬೆಳಗಾದರೆ ನಾನೇ ಪರೀಕ್ಷೆ ಮಾಡಿದ ಪುಡಿ. ಮೇಷ್ಟ್ರು ಅಲ್ಲೇ ನನ್ನ ಹೆಸರಿನ ಮುಂದೆ ಪಾಸು ಎಂದು ಬರೆದರು.

ಮನೆಗೆ ಬಂದಾಗ ಯಜಮಾನರು ಮೆಷಿನ್ ನಿಲ್ಲಿಸಿ, ಬಾಯಲ್ಲಿ ಪಿನ್ನಿಟ್ಟುಕೊಂಡೇ ಹುಬ್ಬು ಹಾರಿಸಿದರು.

"ಪಾಸು," ಅಂದೆ. ಆಮೇಲೆ ಚಪ್ಪಲಿ ಬಿಡುತ್ತಾ, "ಖಾಲಿ ಹರಳು ಮೊದಲು ಅಂದ್ರಲ್ಲ, ನೀವು ಹೇಳಿದ್ದೇ ಸರಿ. ನೀವಿಲ್ಲದಿದ್ರೆ ನಂಗೆ ಇದು ಆಗ್ತಿರಲಿಲ್ಲ."

ಅವರು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ಮೆಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಮೆಷಿನ್ ಆಗಲೇ ನಿಂತಿತ್ತು. ಆದರೂ ಇನ್ನೊಂದು ಸಲ ಹೇಳಿದೆ.