ನಾಲ್ಕು ಜಾತಿಯ ಅಷ್ಟಪದಿ

ಒಂದೇ ಹೆಸರನ್ನು ಎರಡಕ್ಕಿಟ್ಟು ದೇವರು ಕೆಲವೊಮ್ಮೆ ತಮಾಷೆ ನೋಡುತ್ತಾನೆ. ಕೊಚ್ಚಿಯಲ್ಲಿ ಕಡಲಜೀವಿಗಳ ಬಗ್ಗೆ ಓದುತ್ತಿದ್ದ ಇಂಚರಾಳಿಗೆ ಅದು ಗೊತ್ತಾದದ್ದು ರೈಲಿನಲ್ಲಿ ಬಂದು ರಾಜಧಾನಿಯ ಅಂಚಿನ ಕಳಕ್ಕೂಟಂನಲ್ಲಿ ಇಳಿದ ಮೇಲೆ.

ಅಲ್ಲಿನ ಫ್ಲ್ಯಾಟೊಂದರ ಕೆಳಗಿನ ಹಾಲ್‌ನಲ್ಲಿ ಕಾಸರಗೋಡು ಕಡೆಯ ಕನ್ನಡದವರು ಏಕಾದಶಿಯ ದಿನ ಸೇರುವುದುಂಟು. ಈ ಸಲ ಏನಾದರೂ ನಡೆಸಿಕೊಡು ಎಂದು ಸೆಕ್ರೆಟೇರಿಯಟ್‌ನಲ್ಲಿ ಕೆಲಸ ಮಾಡುವ ದೊಡ್ಡಮ್ಮ ದಾಕ್ಷಾಯಣಿ ಫೋನ್ ಮಾಡಿದ್ದರು. ಅಷ್ಟಪದಿ, ನಾಲ್ಕು ಜಾತಿ, ಎಂದಿದ್ದಳು ಇವಳು. ಎಂಟು ಕಾಲಿನ ಆಕ್ಟೋಪಸ್ಸಿಗೆ ಪುಸ್ತಕದ ಕನ್ನಡದಲ್ಲಿ ಅದೇ ಹೆಸರು. ದೊಡ್ಡಮ್ಮನಿಗೆ ತೋಚಿದ್ದು ಮಾತ್ರ ದೇವಸ್ಥಾನದ ಮೆಟ್ಟಿಲ ಬಳಿ ಹಾಡುವ ಕೃಷ್ಣನ ಅಷ್ಟಪದಿ. 'ಜಾತಿ' ಅವರ ಕಿವಿಯಲ್ಲಿ ತಾಳದ ಜತಿಯಾಗಿತ್ತು. 'ಮೀನು ಓದುವ ಹುಡುಗಿ' ಎಂದು ನಗುತ್ತಿದ್ದವರ ಮನೆಗೆಲ್ಲ ಹೋಗಿ, ನಮ್ಮ ಹುಡುಗಿ ಹಾಡುತ್ತಾಳೆ, ಬನ್ನಿ ಎಂದು ಹೇಳಿ ಬಂದಿದ್ದರು.

ದೀಪ ಹಚ್ಚಿಯಾಗಿತ್ತು. ಕೃಷ್ಣನ ಪಟಕ್ಕೆ ತುಳಸಿಮಾಲೆ. ಕೋರ್ಟಿನ ಕೆಲಸದಿಂದ ನಿವೃತ್ತರಾದ ಮಹಾಬಲ ಮಾವ ತಾಳ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದರು. ಇಂಚರಾ ಲ್ಯಾಪ್‌ಟಾಪ್ ತೆರೆದಳು. ಗೋಡೆಯ ಮೇಲೆ ಎಂಟು ಕಾಲು ಚಾಚಿದ ಪ್ರಾಣಿ ಮೂಡಿತು. ದೊಡ್ಡಮ್ಮನ ಮುಖ ಹುಳಿ ಬಿದ್ದ ಹಾಲಿನಂತಾಯಿತು.

"ಇದೆಂತ ಮಾರಾಯ್ತಿ?" ಎಂದು ಹತ್ತಿರ ಬಂದು ಪಿಸುಗುಟ್ಟಿದರು. "ಇನ್ನು ಇವರ ಎದುರು ನಾನು ತಲೆ ಎತ್ತುವುದು ಹೇಗೆ?"

ಇಂಚರಾಳಿಗೆ ಹಾಡಲು ಬಾರದು. ನಂಬಿ ಕರೆದ ದೊಡ್ಡಮ್ಮನ ಮಾನ ಈಗ ತನ್ನ ನಾಲಿಗೆಯ ಮೇಲಿದೆ ಎಂದು ತಿಳಿದು, ಕೃಷ್ಣನ ಪಟವನ್ನೊಮ್ಮೆ ನೋಡಿದಳು.

ಮಹಾಬಲ ಮಾವ ಗಂಭೀರವಾಗಿ ಕೇಳಿದರು, "ಯಾವ ರಾಗ?"

"ರಾಗ ಗೊತ್ತಿಲ್ಲ ಮಾವ. ಹೃದಯ ಮೂರು ಉಂಟು."

"ಮೂರಾ? ನನ್ನ ಒಂದಕ್ಕೇ ದಿನಾ ಮೂರು ಮಾತ್ರೆ."

ಹಾಲ್ ತುಂಬ ನಗೆ ಎದ್ದಿತು. ಆ ನಗೆಯನ್ನೇ ಹಿಡಿದುಕೊಂಡು ಅವಳು ಕಥೆ ತೆಗೆದಳು. ಮೂರರಲ್ಲಿ ಒಂದು ಹೃದಯ ಈಜುವಾಗ ನಿಂತುಬಿಡುತ್ತದೆ. ಅದಕ್ಕೇ ಈ ಜೀವಿಗೆ ಅವಸರ ಆಗದು, ತೆವಳಿಕೊಂಡು ಹೋಗುವುದೇ ಇಷ್ಟ. ಒಂದು ಜಾತಿ ಬಹುರೂಪಿ: ಈಗ ಹಾವು, ಆಮೇಲೆ ಚಪ್ಪಟೆ ಮೀನು, ವೇಷ ಕಟ್ಟಲು ಯಕ್ಷಗಾನದವರ ಚೌಕಿಯೂ ಬೇಡ. ಇನ್ನೊಂದು ಅಂಗೈಯಷ್ಟೇ, ಕೆಣಕಿದರೆ ಮೈತುಂಬ ನೀಲಿ ಬಳೆ ಮಿನುಗಿಸುತ್ತದೆ, ಕಚ್ಚಿದರೆ ಮನುಷ್ಯ ಉಳಿಯುವುದು ಕಷ್ಟ. ಮೂರನೆಯದು ತೆಂಗಿನ ಗೆರಟೆ ಎತ್ತಿಕೊಂಡೇ ತಿರುಗುತ್ತದೆ, ಹೆದರಿಕೆಯಾದಲ್ಲಿ ಅದರೊಳಗೆ ಮುಚ್ಚಿಕೊಂಡು ಕೂರುತ್ತದೆ. ಗೆರಟೆ ಬಿಸಾಡದವಳು ನನ್ನ ಅತ್ತೆ ಒಬ್ಬಳೇ ಎಂದು ಎಣಿಸಿದ್ದೆ ಎಂದರು ಹಿಂದಿನ ಸಾಲಿನಲ್ಲಿ ಕೂತಿದ್ದ ಸುಶೀಲ.

ನಾಲ್ಕನೆಯದು ಸಾಧಾರಣ ಅಷ್ಟಪದಿ. ಅದರ ತಾಯಿ ಬಂಡೆಯ ಸಂದಿನಲ್ಲಿ ಮಲ್ಲಿಗೆ ಮಾಲೆಯಂತೆ ಮೊಟ್ಟೆ ತೂಗುಹಾಕಿ, ನೀರು ಊದುತ್ತ ವಾರಗಟ್ಟಲೆ ಕಾಯುತ್ತದೆ. ಒಂದು ತುತ್ತೂ ಮುಟ್ಟುವುದಿಲ್ಲ. ಮರಿಗಳು ಹೊರಬಿದ್ದವೋ, ಅದರ ಆಯುಸ್ಸು ಮುಗಿಯಿತು.

ಬೆಳಗಿನಿಂದ ಉಪವಾಸವಿದ್ದ ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ನಮ್ಮದೆಂತ ಏಕಾದಶಿ," ಎಂದರು. "ಮಧ್ಯಾಹ್ನಕ್ಕೇ ಬಾಳೆಹಣ್ಣು ಹುಡುಕುತ್ತೇವೆ."

ಮಹಾಬಲ ಮಾವ ಮಡಿಲಲ್ಲಿಟ್ಟಿದ್ದ ತಾಳವನ್ನು ಎತ್ತಿ, ಮಂಗಳಾರತಿಯ ಹೊತ್ತಿನಲ್ಲಿ ತಟ್ಟುವವರಂತೆ ಮೆಲ್ಲಗೆ ಒಮ್ಮೆ ತಟ್ಟಿದರು.

ಅಷ್ಟರಲ್ಲಿ ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ ಮುಗಿಸಿ ತಡವಾಗಿ ಬಂದ ಮನೋಜ್ ಬಾಗಿಲಲ್ಲಿ ನಿಂತು, ಅಷ್ಟಪದಿ ಎಷ್ಟು ಹೊತ್ತಿಗೆ ಎಂದು ಕೇಳಿದ.

"ಈಗಷ್ಟೇ ಮುಗಿಯಿತು," ಎಂದರು ದೊಡ್ಡಮ್ಮ ತಲೆ ಎತ್ತಿ. "ನಮ್ಮ ಹುಡುಗಿಯದ್ದು. ನೀನು ಕೇಳಬೇಕಿತ್ತು."